ಮಿಲಿಟರಿ ಕ್ವಾರ್ಟರ್ಸ್ ಮತ್ತೆ ಪೋಸ್ಟಿಂಗ್ ಶಿಫ್ಟಿಂಗ್: ಹನ್ನೊಂದು ವರ್ಷದ ನನ್ನ ಅನುಭವ

ನಮ್ಮನೆಯವರು ಆರ್ಮಿಲಿ ಹವಾಲ್ದಾರ್, ಈಗ ನಾವಿರೋದು ಮೂರನೇ ಸರ್ಕಾರಿ ಕ್ವಾರ್ಟರ್ಸ್. ಅರಕಲಗೂಡು ಕಡೆ ನಮ್ಮೂರಿಗೆ ಹೋದಾಗೆಲ್ಲ ನಿಮಗೇನಮ್ಮ ಬಾಡಿಗೆ ಇಲ್ಲ ಅಂತಾರೆ, ಬಾಡಿಗೆ ಇಲ್ಲದೆ ಇರೋದು ನಿಜ, ಆದ್ರೆ ಆ ಮನೆ ಬೀಗದ ಕೈ ನಮ್ಮ ಕೈಗೆ ಬರೋವರ್ಗೂ ಏನೇನಾಗತ್ತೆ ಅಂತ ಅವರಿಗೆ ಗೊತ್ತಿಲ್ಲ, ಅದಕ್ಕೇ ಬರೀತಿದೀನಿ.

ಮೊದಲು ಚೆನ್ನಾಗಿರೋದು ಹೇಳ್ತೀನಿ. 2024ರಲ್ಲಿ ಇವರಿಗೆ ಅರುಣಾಚಲದ ಕಡೆ ಫೀಲ್ಡ್ ಪೋಸ್ಟಿಂಗ್ ಬಂತು. ಫೀಲ್ಡ್ ಅಂದ್ರೆ ಹೆಂಡತಿ ಮಕ್ಕಳನ್ನ ಕರ್ಕೊಂಡು ಹೋಗಂಗಿಲ್ಲ, ಅಂಥವರ ಫ್ಯಾಮಿಲಿಗೆ ಅಂತಲೇ ಎಸ್.ಎಫ್. ಕ್ವಾರ್ಟರ್ಸ್ ಇರತ್ತೆ, ಸೆಪರೇಟೆಡ್ ಫ್ಯಾಮಿಲಿ ಅಂತ. ನಾವು ಬೆಂಗಳೂರು ಕೇಳಿದ್ವಿ, ಸಿಕ್ತು. ಮನೆ ಹಳೇದು, ಅಡುಗೆಮನೆ ಚಿಕ್ಕದು, ಮಳೆಗಾಲದಲ್ಲಿ ಒಂದು ಗೋಡೆ ತೇವ ಹಿಡಿಯತ್ತೆ. ಆದ್ರೂ ಇದಕ್ಕಿಂತ ಒಳ್ಳೆ ಸೌಲಭ್ಯ ಇನ್ನೊಂದಿಲ್ಲ ಅಂತ ಎದೆ ಮುಟ್ಟಿಕೊಂಡು ಹೇಳ್ತೀನಿ. ಯಾಕಂದ್ರೆ ಈ ಬ್ಲಾಕಲ್ಲಿ ಯಾರ ಮನೇಲೂ ಗಂಡಸರಿಲ್ಲ, ಎಲ್ಲರದ್ದೂ ಒಂದೇ ಕಥೆ, ಚಿಕ್ಕವನಿಗೆ ಒಂದು ರಾತ್ರಿ ಜ್ವರ ಏರಿ ಮೈಯೆಲ್ಲ ನಡುಗ್ತಿದ್ದಾಗ ಎದುರುಮನೆ ತೆಲುಗು ಅಕ್ಕ ನೈಟೀಲೇ ಓಡಿಬಂದು ದೊಡ್ಡವಳನ್ನ ತಮ್ಮನೇಲಿ ಮಲಗಿಸಿಕೊಂಡ್ರು, ನಾನು ಮಗೂನ ಎತ್ಕೊಂಡು ಮಿಲಿಟರಿ ಆಸ್ಪತ್ರೆಗೆ ಹೋದೆ. ಇವರಿಗೆ ಫೋನ್ ಸಿಕ್ಕಿದ್ದು ಎರಡು ದಿನ ಆದ್ಮೇಲೆ. ಬಾಡಿಗೆ ಮನೇಲಿ ಒಬ್ಬಳೇ ಇದ್ದಿದ್ರೆ ಏನ್ ಮಾಡ್ತಿದ್ನೋ.

ಸ್ಕೂಲ್ ವಿಷಯದಲ್ಲೂ ತೊಂದರೆ ಆಗಲಿಲ್ಲ. ಒಂದು ಕೇಂದ್ರೀಯ ವಿದ್ಯಾಲಯದ ಟಿ.ಸಿ. ತಗೊಂಡು ಇನ್ನೊಂದಕ್ಕೆ ಹೋದ್ರೆ, ಪೋಸ್ಟಿಂಗ್ ಕಾರಣ ಅಂದ್ರೆ ಸೇರಿಸ್ಕೋತಾರೆ, ಸಿಲೆಬಸ್ಸೂ ಅದೇ.

ಈಗ ಬೇಜಾರಿನ ವಿಷಯ, ಅದು ಮನೆಯದ್ದಲ್ಲ, ಮನೆ ಸಿಗೋ ತನಕದ್ದು. ವೇಟಿಂಗ್ ಲಿಸ್ಟಲ್ಲಿ ಐದು ತಿಂಗಳು ಕಾದ್ವಿ. ಅಲ್ಲೀವರ್ಗೂ ಹೊರಗಡೆ ಬಾಡಿಗೆ ಮನೆ. ಮೊದಲು ಜವಾನರಿಗೆ ಕ್ವಾರ್ಟರ್ಸ್ ಸಿಗದಿದ್ರೆ ಸಿ.ಐ.ಎಲ್.ಕ್ಯೂ. ಅಂತ ಕ್ವಾರ್ಟರ್ಸ್ ಬದಲಿಗೆ ದುಡ್ಡು ಬರ್ತಿತ್ತು, 2017ರಿಂದ ಅದು ಹೋಗಿ ಎಲ್ಲರ ಥರಾನೇ ಎಚ್.ಆರ್.ಎ., ಅಂದ್ರೆ ಮನೆ ಬಾಡಿಗೆ ಭತ್ಯೆ, ಬರತ್ತೆ, ಇದು ದೊಡ್ಡ ಉಪಕಾರ, ಬೆಂಗಳೂರಿಗೆ ಬೇಸಿಕ್ ಸಂಬಳದ ನೂರಕ್ಕೆ 30 ಬರತ್ತೆ, ಬಾಡಿಗೆಗೆ ಹೆಂಗೋ ಆಗತ್ತೆ. ಆದ್ರೆ ಅಡ್ವಾನ್ಸ್? ಓನರ್ ಹತ್ತು ತಿಂಗಳ ಅಡ್ವಾನ್ಸ್ ಕೇಳಿದ್ರು. ಪೋಸ್ಟಿಂಗಿಗೆ ಅಂತ ಕೊಡೋ ಟ್ರಾನ್ಸ್‌ಫರ್ ಗ್ರಾಂಟ್ ಒಂದು ತಿಂಗಳ ಬೇಸಿಕ್‌ನ ನೂರಕ್ಕೆ 80, ಅದರಲ್ಲಿ ಪ್ಯಾಕಿಂಗು, ಒಡೆದುಹೋದ ಸಾಮಾನು, ಹೊಸ ಯೂನಿಫಾರ್ಮು ಅಂತ ಎಲ್ಲಾ ಕರಗಿಹೋಗತ್ತೆ. ನನ್ನ ಬಳೆ ಅಡವಿಟ್ಟು ಅಡ್ವಾನ್ಸ್ ಕೊಟ್ವಿ. 2002ರಲ್ಲಿ ಶುರುವಾದ ಮ್ಯಾರೀಡ್ ಅಕಾಮಡೇಶನ್ ಪ್ರಾಜೆಕ್ಟ್ ಅನ್ನೋ ಫ್ಯಾಮಿಲಿ ಕ್ವಾರ್ಟರ್ಸ್ ಯೋಜನೇಲಿ ಸುಮಾರು ಎರಡು ಲಕ್ಷ ಮನೆ ಕಟ್ಟೋ ಪ್ಲಾನ್ ಇತ್ತು, ಹೊಸ ಬ್ಲಾಕ್‌ಗಳು ನಿಜಕ್ಕೂ ಚೆನ್ನಾಗಿವೆ, ಆದ್ರೆ ಆ ನಡುವಿನ ಐದು ತಿಂಗಳಿಗೆ ಇರಕ್ಕೆ ಟ್ರಾನ್ಸಿಟ್ ರೂಮುಗಳು ಜಾಸ್ತಿ ಆಗ್ಬೇಕು, ಇಲ್ಲಾ ಅಡ್ವಾನ್ಸ್‌ಗೆ ಬಡ್ಡಿ ಇಲ್ಲದ ಸಾಲ ಕೊಡ್ಬೇಕು. ಗಂಡ ಗಡೀಲಿರೋವಾಗ ಹೆಂಡತಿ ಬಳೆ ಅಡವಿಡೋ ಹಂಗಾಗಬಾರದು.

ಇನ್ನೊಂದು, ಮಾರ್ಚಿಂಗ್ ಇನ್ ದಿನ, ಅಂದ್ರೆ ಲಿಸ್ಟ್ ನೋಡಿ ಮನೆ ವಶಕ್ಕೆ ತಗೊಳೋ ದಿನ, ಅವಸರ ಮಾಡ್ಬೇಡಿ. ಉತ್ತರದ ಒಂದು ಸ್ಟೇಷನ್‌ನಲ್ಲಿ ನಾವು ಒಳಗೆ ಹೋದಾಗಲೇ ಸಿಂಕ್ ಸೀಳಿತ್ತು, ಇರ್ಲಿ ಬಿಡಿ ಅಂತ ಲಿಸ್ಟಲ್ಲಿ ಬರೆಸಲಿಲ್ಲ, ಮೂರು ವರ್ಷ ಆದ್ಮೇಲೆ ಮನೆ ವಾಪಸ್ ಕೊಡೋ ಮಾರ್ಚಿಂಗ್ ಔಟಲ್ಲಿ ಅದರ ದುಡ್ಡು ನಮ್ಮತ್ರಾನೇ ಕಟ್ಟಿಸ್ಕೊಂಡ್ರು. ಈ ಸಲ ಫ್ಯಾನು, ಕಿಟಕಿ ಗಾಜು, ನಲ್ಲಿ, ಬೀಗ ಎಲ್ಲದರ ಫೋಟೋ ತೆಗೆದು ಲಿಸ್ಟಲ್ಲಿ ಬರೆಸಿ ಸೈನ್ ಹಾಕಿಸಿದೀನಿ.

ಹೊಸದಾಗಿ ಮದುವೆಯಾದ ತಂಗಿಯರು ಒಂದು ಕೆಲಸ ಮರೀಬೇಡಿ, ಮದುವೆದೂ ಮಗು ಹುಟ್ಟಿದ್ದೂ ಪಾರ್ಟ್ ಟೂ ಆರ್ಡರ್ ಆಗಿದ್ಯಾ, ಅಂದ್ರೆ ಆರ್ಮಿ ದಾಖಲೆಗೆ ಏರಿದ್ಯಾ ಅಂತ ನಿಮ್ಮ ಯಜಮಾನರನ್ನ ಕೇಳಿ, ಅದಿಲ್ದೇ ಇದ್ರೆ ಕ್ವಾರ್ಟರ್ಸೂ ಇಲ್ಲ ಡಿಪೆಂಡೆಂಟ್ ಕಾರ್ಡೂ ಇಲ್ಲ. ರಜಕ್ಕೆ ಬಂದಾಗ ನೋಡೋಣ ಅನ್ನಬೇಡಿ, ಇವತ್ತು ಫೋನ್ ಬಂದಾಗಲೇ ಕೇಳಿ.