ಆರು ತಿಂಗಳ ಅಮೆರಿಕ, ನಾಲ್ಕು ನಾಟಕ

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಬರುವ ನಮ್ಮಂಥವರಿಗೆ ಆರು ತಿಂಗಳು ಸಿಗುತ್ತದೆ. ಮೊದಲ ಹದಿನೈದು ದಿನ ಮೊಮ್ಮಗ. ಆಮೇಲೆ ಕಿಟಕಿ. ನಾನು ಕಿಟಕಿಗೆ ಬಂದು ಕೂತ ವಾರವೇ ಮಗಳು ಒಂದು ಕಾಗದ ತಂದುಕೊಟ್ಟಳು. "ಅಪ್ಪಾಜಿ, ಇಲ್ಲಿ ಯೂನಿವರ್ಸಿಟಿ ಹುಡುಗ್ರು ನಾಟಕ ಆಡ್ತಾರೆ. ಸೀಸನ್ ಟಿಕೆಟ್ ತಗೊಳ್ಳೋಣಾ?" ನಾಲ್ಕು ನಾಟಕ, ಹಿರಿಯರ ರಿಯಾಯಿತಿ ಸೇರಿ ಒಬ್ಬರಿಗೆ 48 ಡಾಲರ್. ರೂಪಾಯಿಗೆ ಗುಣಿಸಬೇಡಿ ಅಂದಿದ್ದಳು. ಗುಣಿಸಿದೆ. ನಾಲ್ಕು ಸಾವಿರದ ಮೇಲೆ! ಆದರೂ ಎರಡು ತೆಗೆಸಿದೆ.

ನಾನು ದಾವಣಗೆರೆ ಕಡೆಯವನು. ಮೇಷ್ಟ್ರ ಕೆಲಸ ಹೊಟ್ಟೆಗೆ, ಪೇಟಿ ಖುಷಿಗೆ. ಮೂವತ್ತು ವರ್ಷ ಹಳ್ಳಿ ನಾಟಕಗಳಿಗೆ ಲೆಗ್ ಹಾರ್ಮೋನಿಯಂ ನುಡಿಸಿದ್ದೇನೆ. ಹಾಗಾಗಿ ಇದನ್ನು ಪೇಟಿ ಮಾಸ್ತರನ ಕಿವಿಯಿಂದ ಬರೆದದ್ದು ಅಂದುಕೊಳ್ಳಿ.

ಮೊದಲ ನಾಟಕಕ್ಕೇ ತಡವಾಯಿತು. ಅಕ್ಟೋಬರ್ ಶನಿವಾರ, ಊರಲ್ಲಿ ಫುಟ್‌ಬಾಲ್ ಪಂದ್ಯ, ಗಾಡಿ ನಿಲ್ಲಿಸಲು ಜಾಗವೇ ಇಲ್ಲ. ಏಳೂವರೆ ಆಟಕ್ಕೆ ಏಳು ಮೂವತ್ನಾಲ್ಕಕ್ಕೆ ಮುಟ್ಟಿದೆವು. ಬಾಗಿಲು ಹಾಕಿತ್ತು. ಟಿಕೆಟ್ ತೋರಿಸಿದೆ, ಮಗಳು ಇಂಗ್ಲಿಷಿನಲ್ಲಿ ಬೇಡಿದಳು. ಬಾಗಿಲಲ್ಲಿದ್ದ ಹುಡುಗಿ ನಗುನಗುತ್ತಲೇ ಇಲ್ಲ ಅಂದಳು. ಇಪ್ಪತ್ತು ನಿಮಿಷ ಹೊರಗಿನ ಟಿವಿಯಲ್ಲಿ ನೋಡಿದೆವು. ನಮ್ಮ ಕಡೆ ಒಂಬತ್ತಕ್ಕೆ ಅಂದ ನಾಟಕ ಹನ್ನೊಂದಕ್ಕೆ ಶುರುವಾಗುತ್ತದೆ. ಅದೂ ಸರಿಯಲ್ಲ ಬಿಡಿ. ಆದರೆ ನಾಲ್ಕು ನಿಮಿಷಕ್ಕೆ ಇಷ್ಟು ಶಿಕ್ಷೆಯಾ? ನೀವು ಹೋಗುವುದಾದರೆ ಪಂದ್ಯದ ದಿನ ಬಿಟ್ಟು ಭಾನುವಾರ ಮಧ್ಯಾಹ್ನದ ಆಟಕ್ಕೆ ಹೋಗಿ.

ಆ ನಾಟಕ ಥಾರ್ನ್‌ಟನ್ ವೈಲ್ಡರ್ ಬರೆದ 'ಅವರ್ ಟೌನ್'. 1938ರದ್ದು. ಸೀನರಿ ಇಲ್ಲ, ಪರದೆ ಇಲ್ಲ. ಎರಡು ಮೇಜು, ಒಂದಷ್ಟು ಕುರ್ಚಿ, ಎರಡು ಏಣಿ. ಸ್ಟೇಜ್ ಮ್ಯಾನೇಜರ್ ಅಂತ ಒಬ್ಬ ಬಂದು ಇದು ಇಂಥ ಊರು, ಇವರು ಇಂಥವರು ಅಂತ ಹೇಳುತ್ತಾ ಹೋಗುತ್ತಾನೆ. ನಮ್ಮ ಸೂತ್ರಧಾರನೇ, ಕೋಟು ಹಾಕಿಕೊಂಡಿದ್ದಾನೆ ಅಷ್ಟೆ. ನಮ್ಮ ಮನೆಯವರಿಗೆ ಇಂಗ್ಲಿಷ್ ಬರುವುದಿಲ್ಲ. ಇವರು ನಿದ್ದೆ ಮಾಡುತ್ತಾರೆ ಅಂದುಕೊಂಡಿದ್ದೆ. ಇಬ್ಬರು ಹೆಂಗಸರು ಮನೆ ಮುಂದೆ ಕೂತು ಬೀನ್ಸ್ ಬಿಡಿಸುವ ದೃಶ್ಯ ಬಂತು. ಕೈಯಲ್ಲಿ ಏನೂ ಇಲ್ಲ, ಬರೀ ಅಭಿನಯ. ತೊಟ್ಟು ಮುರಿಯುವುದು, ನಾರು ಎಳೆಯುವುದು, ಮಡಿಲಿಗೆ ಹಾಕಿಕೊಳ್ಳುವುದು. ನಮ್ಮವರು ನನ್ನ ಕಿವಿಗೆ ಬಗ್ಗಿದರು. "ಆ ಹುಡುಗಿ ಒಂದೇ ಕಡೆ ನಾರು ತೆಗೀತಾಳೆ ನೋಡ್ರಿ. ಇನ್ನೊಂದು ಕಡೇದು ಹಂಗೇ ಬಿಟ್ಳು." ಆಮೇಲೆ ನಾನೂ ನೋಡಿದೆ. ನಿಜ. ಪಕ್ಕದವಳು ಮಾತ್ರ ಎರಡೂ ಕಡೆ ತೆಗೆಯುತ್ತಿದ್ದಳು. ಮನೆಯಲ್ಲಿ ಯಾರು ಅಡುಗೆ ಮಾಡುತ್ತಾರೆ ಅಂತ ಅಲ್ಲೇ ಗೊತ್ತಾಗಿಬಿಡ್ತು.

ಮೂರನೇ ಅಂಕದಲ್ಲಿ ಸತ್ತವರು ಕುರ್ಚಿಗಳ ಮೇಲೆ ಸಾಲಾಗಿ ಕೂರುತ್ತಾರೆ. ಅದೇ ಸ್ಮಶಾನ. ಹೆರಿಗೆಯಲ್ಲಿ ತೀರಿಕೊಂಡ ಎಮಿಲಿ ಒಂದೇ ಒಂದು ದಿನ ವಾಪಸ್ ಹೋಗಿ ನೋಡಬೇಕು ಅನ್ನುತ್ತಾಳೆ. ತನ್ನ ಹನ್ನೆರಡನೇ ಹುಟ್ಟುಹಬ್ಬಕ್ಕೆ ಹೋಗುತ್ತಾಳೆ. ಅವ್ವ ಒಲೆ ಮುಂದೆ ತಿಂಡಿ ಮಾಡುತ್ತಾ ಇದ್ದಾಳೆ, ಮಗಳ ಮುಖ ನೋಡುವಷ್ಟು ಪುರುಸೊತ್ತಿಲ್ಲ. ಆ ಹುಡುಗಿಗೆ ಇಪ್ಪತ್ತು ಇರಬಹುದು. ಜೋರಾಗಿ ಅಳಲಿಲ್ಲ, ದನಿ ಏರಿಸಲಿಲ್ಲ. ನಮ್ಮ ಮನೆಯವರು ಕಣ್ಣು ಒರೆಸಿಕೊಂಡರು. ಮೈಕ್ ಇರಲಿಲ್ಲ ಅನ್ನುವುದು ನನಗೆ ಆಗ ಗೊತ್ತಾಯಿತು.

ನವೆಂಬರ್‌ನಲ್ಲಿ ಶೇಕ್ಸ್‌ಪಿಯರ್‌ನ 'ಟ್ವೆಲ್ಫ್ತ್ ನೈಟ್'. ಯಾಕೋ ಡಿಸ್ಕೋ ಕಾಲಕ್ಕೆ ತಂದಿದ್ದರು. ಶ್ರೀಮಂತರ ಮನೆಯ ಬಿಗುಮಾನದ ಕಾರುಭಾರಿ ಮಾಲ್ವೋಲಿಯೋ ಹಳದಿ ಕಾಲುಚೀಲ ಹಾಕಿಕೊಂಡು ಬಂದಾಗ ನಕ್ಕೆವು. ಉಳಿದ ಹೊತ್ತು ಮಗಳು ನಿದ್ದೆ ಮಾಡಿದಳು.

ಫೆಬ್ರವರಿಯಲ್ಲಿ ಮ್ಯೂಸಿಕಲ್, ಅಂದರೆ ಹಾಡಿನ ನಾಟಕ. ಊರೆಲ್ಲ ಕಾಯುವುದು ಇದಕ್ಕೇ. ಎಲ್ಲ ಆಟದ ಟಿಕೆಟ್ಟೂ ಖಾಲಿ. ಸ್ಟೀಫನ್ ಸಾಂಡ್‌ಹೈಮ್‌ನ 'ಇನ್‌ಟು ದ ವುಡ್ಸ್', 1987ರದ್ದು. ಅವರ ಅಜ್ಜಿಕಥೆಗಳ ಸಿಂಡ್ರೆಲಾ, ಕೆಂಪು ಟೋಪಿ ಹುಡುಗಿ, ಅವರೇಕಾಳು ಬಳ್ಳಿಯ ಜ್ಯಾಕ್ ಎಲ್ಲರೂ ಒಂದೇ ಕಾಡಲ್ಲಿ. ಮಕ್ಕಳಿಲ್ಲದ ಬೇಕರಿ ಗಂಡ ಹೆಂಡತಿ ಇವರನ್ನೆಲ್ಲ ಕಟ್ಟುವ ದಾರ. ಮಧ್ಯಂತರದ ಹೊತ್ತಿಗೆ ಎಲ್ಲರ ಆಸೆಯೂ ಈಡೇರುತ್ತದೆ. ನನ್ನ ಮುಂದಿನ ಸಾಲಿನವರು ಮುಗೀತು ಅಂತ ಕೋಟು ಹಾಕಿಕೊಂಡು ಹೊರಟೇಬಿಟ್ಟರು. ನಿಜವಾದ ನಾಟಕ ಇರುವುದು ಎರಡನೇ ಭಾಗದಲ್ಲಿ.

ಹಾಡು ಹೇಗಿತ್ತು ಅಂತ ಕೇಳುತ್ತೀರಿ. ಹುಡುಗರು ತಯಾರಾಗಿದ್ದರು, ಅದರಲ್ಲಿ ಎರಡು ಮಾತಿಲ್ಲ. ಮಾಟಗಾತಿ ತರಕಾರಿ ಹೆಸರು ಪಟಪಟ ಅಂತ ಉದುರಿಸುವ ಒಂದು ತುಂಡು ಇದೆ. ಒಂದಕ್ಷರ ತಪ್ಪಲಿಲ್ಲ. ಆದರೆ ವಾದ್ಯದವರು ಕಾಣುವುದೇ ಇಲ್ಲ! ಸೆಟ್ಟಿನ ಹಿಂದೆ ಕೂರಿಸಿದ್ದರು. ಮತ್ತೆ ಇವರು ತಾಳಕ್ಕೆ ಯಾರನ್ನು ನೋಡುತ್ತಾರೆ? ಹಾಡುವಾಗ ಎಲ್ಲರ ಕಣ್ಣೂ ನಮ್ಮ ತಲೆಯ ಮೇಲೆ ಹೋಗುತ್ತಿತ್ತು. ಹಿಂದಕ್ಕೆ ತಿರುಗಿ ನೋಡಿದೆ. ಬಾಲ್ಕನಿಗೆ ಒಂದು ಟಿವಿ ಕಟ್ಟಿದ್ದಾರೆ, ಅದರಲ್ಲಿ ಕಡ್ಡಿ ಆಡಿಸುವ ಒಬ್ಬ ಮನುಷ್ಯ. ನಮ್ಮಲ್ಲಿ ಪಾತ್ರಧಾರಿ ಒಂದು ಸಾಲು ನುಂಗಿದರೆ ಪೇಟಿಯವನು ಹಿಂದೆಯೇ ಹಾರಬೇಕು. ಆತ ಆಲಾಪಕ್ಕೆ ಬಿದ್ದರೆ ಕಾಯಬೇಕು. ಇಲ್ಲಿ ಯಾರೂ ಯಾರಿಗೂ ಕಾಯುವುದಿಲ್ಲ.

ಇನ್ನೊಂದು ತಕರಾರು ಮೈಕ್. ಹಣೆಯ ಮೇಲೆ, ಕೂದಲ ಬುಡದಲ್ಲಿ ಸಣ್ಣದಾಗಿ ಅಂಟಿಸಿರುತ್ತಾರೆ. ಹುಡುಗಿ ಎಡಗಡೆ ನಿಂತಿದ್ದಾಳೆ, ದನಿ ಮಾಡಿನಿಂದ ಇಳಿಯುತ್ತಿದೆ. ಆರು ಜನ ಒಟ್ಟಿಗೆ ನಿಂತರೆ ಯಾರು ಹಾಡುತ್ತಿದ್ದಾರೆ ಅಂತ ಬಾಯಿ ನೋಡಿ ಹುಡುಕಬೇಕು.

ಹಸುವಿಗೆ ಮಾತ್ರ ನೂರಕ್ಕೆ ನೂರು. ಜ್ಯಾಕ್‌ನ ಬಿಳಿ ಹಸು ಬರೀ ಬಟ್ಟೆ, ಬಿದಿರು. ಒಬ್ಬ ಹುಡುಗ ಅದನ್ನು ಹಿಡಿದುಕೊಂಡು ಪಕ್ಕದಲ್ಲೇ ಎಲ್ಲರಿಗೂ ಕಾಣುವಂತೆ ನಡೆಯುತ್ತಾನೆ. ಎರಡು ನಿಮಿಷದಲ್ಲಿ ಹುಡುಗ ಮರೆತುಹೋದ. ಮಾರುವ ಮಾತು ಬಂದಾಗ ಅದು ಕಿವಿ ಹಿಂದಕ್ಕೆ ಮಾಡಿತು. ಹಸು ಸಾಕಿದವರಿಗೆ ಗೊತ್ತು ಅದೇನು ಅಂತ.

ಕೊನೆಯದು ವಿದ್ಯಾರ್ಥಿಗಳೇ ಬರೆದ ಮೂರು ಕಿರುನಾಟಕ. ಕಪ್ಪು ಬಣ್ಣ ಬಳಿದ ಸಣ್ಣ ಕೋಣೆ, ಅರವತ್ತೋ ಎಪ್ಪತ್ತೋ ಕುರ್ಚಿ. ಒಂದು ಚೆನ್ನಾಗಿತ್ತು, ಎರಡು ಸುಮ್ನೆ ಮಾತು. ನನಗೆ ಖುಷಿಯಾದದ್ದು ಬೇರೆ. ಬಾಗಿಲಲ್ಲಿ ಟಿಕೆಟ್ ನೋಡಿದವಳು ಆ ಮಾಟಗಾತಿ. ಎಮಿಲಿ ಏಣಿ ಹತ್ತಿ ಲೈಟು ಸರಿ ಮಾಡುತ್ತಿದ್ದಳು. ಇಲ್ಲಿ ಎಲ್ಲರೂ ಎಲ್ಲ ಕೆಲಸ ಮಾಡಲೇಬೇಕಂತೆ, ಹೊಲಿಗೆ ಕೂಡ. ಕೊನೆಯ ಆಟ ಮುಗಿದ ರಾತ್ರಿಯೇ ಸೆಟ್ಟು ಬಿಚ್ಚುತ್ತಾರೆ. ಅದಕ್ಕೆ ಸ್ಟ್ರೈಕ್ ಅನ್ನುತ್ತಾರೆ. ನಾನು ಪಾಪ, ಹುಡುಗರು ಯಾಕೆ ಮುಷ್ಕರ ಮಾಡುತ್ತಾರೆ ಅಂತ ಮಗಳನ್ನು ಕೇಳಿದ್ದೆ.

ದುಡ್ಡು ದಂಡವಾಗಲಿಲ್ಲ. ಎಲ್ಲಕ್ಕೂ ಬೇಡ ಅನಿಸಿದರೆ ಮೈಕ್ ಇಲ್ಲದ ನಾಟಕಕ್ಕೆ ಹೋಗಿ, ಮೂರನೇ ಸಾಲಿನೊಳಗೆ ಕೂತುಕೊಳ್ಳಿ.

ನಾವು ಹೊರಡುವ ವಾರ ಮುಂದಿನ ವರ್ಷದ ಪಟ್ಟಿ ಬಂತು. ಮಗಳು ಓದಿ ಹೇಳಿದಳು. "ಬೀನ್ಸ್ ನಾಟ್ಕ ಐತೇನು?" ಅಂತ ಕೇಳಿದರು ನಮ್ಮ ಮನೆಯವರು. ಇರಲಿಲ್ಲ.