ಭಾಲ್ಕಿಯಿಂದ ತಂದ ಸೈಲೇಜ್ ಬೇಲ್: ಹಾಲು ಏರಿತು, ಫ್ಯಾಟ್ ಇಳಿಯಿತು

ಏಪ್ರಿಲ್ ಕೊನೆಗೆ ನಮ್ಮ ಬಾವಿ ತಳ ಕಂಡಿತು. ನೇಪಿಯರ್ ಹುಲ್ಲು ಒಣಗಿತು. ಮನೆಯಲ್ಲಿ ಎರಡು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಆಕಳು, ಅವ್ವನದೊಂದು ದೇವಣಿ ಎಂಬ ನಾಡತಳಿ ಆಕಳು. ಮೇವು ಅಂತ ಉಳಿದಿದ್ದು ಜೋಳದ ಕಣಿಕೆ (ಒಣ ದಂಟು), ಒಂದಿಷ್ಟು ತೊಗರಿ ಹೊಟ್ಟು. ಎಚ್‌ಎಫ್ ಎರಡರ ಹಾಲು ದಿನಕ್ಕೆ 18 ಲೀಟರಿನಿಂದ 15ಕ್ಕೆ ಬಂತು. ಆಗ ಭಾಲ್ಕಿಯ ಒಂದು ಅಂಗಡಿಯಿಂದ ಮೆಕ್ಕೆಜೋಳದ ಸೈಲೇಜ್ ತಂದೆ, ಅಂದರೆ ಹಸಿ ಮೇವನ್ನು ಕತ್ತರಿಸಿ ಗಾಳಿಯಾಡದಂತೆ ಬಿಗಿದು ಹುಳಿ ಬರಿಸಿದ್ದು. 60 ಕೆಜಿಯ ಬೇಲ್ (ಬಿಗಿದು ಕಟ್ಟಿದ ಪಿಂಡಿ), ಕೆಜಿಗೆ 8 ರೂಪಾಯಿ. ಮೊದಲು ಆರು ಬೇಲ್ ತಂದೆ, ಆಮೇಲೆ ಹತ್ತು.

ಮಾಲು ಚೆನ್ನಾಗಿತ್ತು, ಸುಮ್ನೆ ಹೇಳುತ್ತಿಲ್ಲ. ಬಿಚ್ಚಿದ ಕೂಡಲೇ ಹುಳಿ ಮಜ್ಜಿಗೆಗೆ ಬೆಲ್ಲ ಬೆರೆತಂಥ ವಾಸನೆ, ಬಣ್ಣ ಹಸಿರು ಮಿಶ್ರಿತ ಹಳದಿ, ಮುಷ್ಟಿಯಲ್ಲಿ ಹಿಂಡಿದರೆ ಕೈ ಒದ್ದೆಯಾಯಿತೇ ಹೊರತು ನೀರು ತೊಟ್ಟಿಕ್ಕಲಿಲ್ಲ. ಕಾಳೂ ಕಾಣುತ್ತಿತ್ತು. ಕಾಳೇ ಇಲ್ಲದ ಬರೀ ದಂಟಿನ ಸೈಲೇಜಿಗೆ ಇಷ್ಟು ದುಡ್ಡು ಕೊಡಬೇಡಿ. ಒಂದು ಬೇಲ್ ಮಾತ್ರ ಇಲಿ ಕಡಿದು ಗಾಳಿ ಹೋಗಿ ಒಳಗೆಲ್ಲ ಬೂಸ್ಟು. ವಾಪಸ್ ತಗೊಳ್ಳಿ ಅಂದರೆ, ಇಲಿ ನಿಮ್ಮ ಮನೆಯದು ಅಂದರು! ಬೂಸ್ಟು ಹಿಡಿದದ್ದನ್ನು ಆಕಳಿಗೆ ಹಾಕುವಂತಿಲ್ಲ, 480 ರೂಪಾಯಿ ತಿಪ್ಪೆಗೆ ಹೋಯಿತು.

ಐದಾರು ದಿನ ಸ್ವಲ್ಪ ಸ್ವಲ್ಪವೇ ರೂಢಿ ಮಾಡಿಸಿ ತಲೆಗೆ 15 ಕೆಜಿಗೆ ತಂದೆ. ಹಾಲು ಮತ್ತೆ 18 ಲೀಟರ್ ದಾಟಿತು. ಖುಷಿಯಲ್ಲಿ ಕಣಿಕೆ ಹಾಕುವುದನ್ನೇ ಬಿಟ್ಟೆ. ಹಿಂಡಿ ಮಾತ್ರ ಮೊದಲಿನಷ್ಟೇ. ವಾರದೊಳಗೆ ಡೈರಿಯ ಮಷೀನಿನಲ್ಲಿ ಹಾಲಿನ ಫ್ಯಾಟ್ (ಕೊಬ್ಬು) ಶೇ. 3.9 ಇದ್ದದ್ದು 3.3 ತೋರಿಸಿತು. ನೀರು ಬೆರೆಸಿದ್ದೀರಾ ಅನ್ನುವ ಹಾಗೆ ನೋಡಿದರು. ಮಷೀನಿಗಿಂತ ಮೊದಲು ಗುರುತು ಹಿಡಿದದ್ದು ಅವ್ವ. "ಆಕಳ ಮೆಲುಕೇ ಹಾಕವಲ್ದು ನೋಡಪಾ, ಕಣಕಿ ಹಾಕು" ಅಂದಳು. ವಿಷಯ ಅದೇ. ಸಣ್ಣಗೆ ಕತ್ತರಿಸಿದ ಮೇವು ಮತ್ತು ಹಿಂಡಿಯೇ ಜಾಸ್ತಿಯಾದರೆ ಆಕಳು ಅಗಿಯುವುದು ಕಡಿಮೆ, ಜೊಲ್ಲು ಕಡಿಮೆ, ಹೊಟ್ಟೆ ಹುಳಿಯಾಗುತ್ತದೆ. ಹಾಲಿನ ಕೊಬ್ಬಿಗೆ ಬೇಕಾದ ಸರಕು ಹುಟ್ಟುವುದು ನಾರು ಹೊಟ್ಟೆಯಲ್ಲಿ ಕೊಳೆತಾಗ. ತಲೆಗೆ 4 ಕೆಜಿ ಕಣಿಕೆ ಮತ್ತೆ ಶುರು ಮಾಡಿ ಹಿಂಡಿ ಒಂದೂವರೆ ಕೆಜಿ ಇಳಿಸಿದೆ. ಹತ್ತು ದಿನಕ್ಕೆ ಫ್ಯಾಟ್ 3.8.

ಅಂಗಡಿಯವರು ಇದೊಂದಿದ್ದರೆ ಹಿಂಡಿಯೇ ಬೇಡ ಅಂತಾರೆ, ನಂಬಬೇಡಿ. ಮೆಕ್ಕೆಜೋಳದ ಸೈಲೇಜಿನಲ್ಲಿ ಶಕ್ತಿ ಇದೆ, ಪ್ರೋಟೀನ್ ಮಾತ್ರ ನೀರು ಬಿಟ್ಟು ಒಣ ತೂಕದ ಲೆಕ್ಕದಲ್ಲಿ ಶೇ. 7-8 ಅಷ್ಟೇ. ಕಣಿಕೆಗಿಂತ ಮೇಲು ನಿಜ, ಆದರೆ ಹಾಲು ಕೊಡುವ ಆಕಳಿಗೆ ಸಾಲದು. ನೀರಿದ್ದವರು ಒಂದೆರಡು ಗುಂಟೆ ಕುದುರೆ ಮಸಾಲೆ (ಲೂಸರ್ನ್ ಮೇವಿನ ಬೆಳೆ) ಹಾಕಿಕೊಂಡರೆ ಅದರಲ್ಲಿ ಅದೇ ಲೆಕ್ಕದಲ್ಲಿ ಶೇ. 18-20 ಪ್ರೋಟೀನ್ ಸಿಗುತ್ತದೆ. ನಮ್ಮಲ್ಲಿ ನೀರೇ ಇಲ್ಲ, ಬಿಡಿ.

ಇನ್ನು ದುಡ್ಡಿನ ಮಾತು. 60 ಕೆಜಿ ಬೇಲ್‌ನಲ್ಲಿ ಹತ್ತಿರ ಹತ್ತಿರ 40 ಕೆಜಿ ನೀರೇ. ಎರಡು ಆಕಳಿಗೆ 30 ಕೆಜಿ ಅಂದರೆ ದಿನಕ್ಕೆ 240 ರೂಪಾಯಿ. ಹೆಚ್ಚಿಗೆ ಬಂದ 3 ಲೀಟರ್ ಹಾಲಿಗೆ ನನಗೆ ಸಿಕ್ಕಿದ್ದು 102, ಹಿಂಡಿಯಲ್ಲಿ ಉಳಿದದ್ದು 84. ಲುಕ್ಸಾನು! ತಲೆಗೆ 10 ಕೆಜಿಗೆ ಇಳಿಸಿದೆ. ಹಾಲು ಅರ್ಧ ಲೀಟರ್ ಮಾತ್ರ ಇಳಿಯಿತು, ಖರ್ಚು 160ಕ್ಕೆ ಬಂತು, ಆಗ ಲೆಕ್ಕ ಹೇಗೋ ಸರಿಹೋಯಿತು. ದೇವಣಿಗೆ ಇದು ಬೇಕಾಗಿಯೇ ಇಲ್ಲ. ಅದು ಕೊಡುವ ಮೂರು ಲೀಟರಿಗೆ ಕಣಿಕೆ, ಹೊಟ್ಟು, ಒಂದು ಬೊಗಸೆ ಹಿಂಡಿ ಸಾಕು.

ಸೈಲೇಜನ್ನು ಹಾಲು ಹಿಂಡಿದ ಮೇಲೆಯೇ ಹಾಕಿ, ಮೊದಲೇ ಹಾಕಿದರೆ ಹಾಲಿಗೂ ಆ ವಾಸನೆ ಹತ್ತುತ್ತದೆ.

ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಮಾಲಿಗೆ ನಾಲ್ಕು ಕೊಡಬಹುದಿತ್ತು, ಆ ಇಲಿ ಮಾತಿಗೆ ಅರ್ಧ ಕಡಿತ. ಇನ್ನೊಂದು ತೊಂದರೆ ಬೇಲ್‌ನ ಗಾತ್ರ. ದಿನಕ್ಕೆ 20 ಕೆಜಿ ಲೆಕ್ಕದಲ್ಲಿ ಮುಗಿಯಲು ಮೂರು ದಿನ ಬೇಕು, ಮೇ ಬಿಸಿಲಿಗೆ ಮೂರನೇ ದಿನ ಕೈ ಹಾಕಿದರೆ ಒಳಗೆ ಬೆಚ್ಚಗಿರುತ್ತದೆ, ಅಂದರೆ ಕೆಡಲು ಶುರುವಾಗಿದೆ. 30 ಕೆಜಿ ಚೀಲ ಕೇಳಿದೆ, ಇಲ್ಲ ಅಂದರು. ಸದ್ಯಕ್ಕೆ ಪಕ್ಕದ ಮನೆಯವರೂ ನಾನೂ ಸಲಕ್ಕೆ ಒಂದೇ ಬೇಲ್ ಬಿಚ್ಚಿ ಅರ್ಧರ್ಧ ಹಂಚಿಕೊಳ್ಳುತ್ತಿದ್ದೇವೆ.