ತೂಕ ಕೇಳದ ಅಂಗಡಿ, ಹುಬ್ಬು ಮುಟ್ಟುವ ಬೋರ್ಡ್

ನನ್ನ ಎತ್ತರ 162 ಸೆಂಟಿಮೀಟರ್, ತೂಕ 74 ಕಿಲೋ. ಎರಡನೆಯ ಅಂಕಿಯನ್ನು ಹೀಗೆ ಬಹಿರಂಗವಾಗಿ ಬರೆಯಲು ಸ್ವಲ್ಪ ಧೈರ್ಯ ಬೇಕಾಯಿತು. ಆದರೆ ಅದಿಲ್ಲದೆ ಈ ವಿಮರ್ಶೆಗೆ ಅರ್ಥವಿಲ್ಲ. ನಾಲ್ಕು ವರ್ಷಗಳ ಹಿಂದೆ ಸಿಯಾಟಲ್‌ನ ಅಂಗಡಿಯೊಂದರಲ್ಲಿ ಮೊದಲ ಸ್ನೋಬೋರ್ಡ್ (ಎರಡೂ ಕಾಲು ಬಿಗಿದುಕೊಂಡು, ಅಡ್ಡವಾಗಿ ನಿಂತು ಹಿಮದ ಇಳಿಜಾರಿನಲ್ಲಿ ಜಾರುವ ಹಲಗೆ) ಕೊಂಡಾಗ ಅಲ್ಲಿನ ಹುಡುಗ ಆ ಅಂಕಿಯನ್ನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೆಂಗಸರ ತೂಕ ಕೇಳಬಾರದೆಂದು ಅವನ ತಾಯಿ ಹೇಳಿಕೊಟ್ಟಿರಬೇಕು. ಬೋರ್ಡನ್ನು ನೆಲಕ್ಕೆ ಊರಿ ನನ್ನ ಪಕ್ಕದಲ್ಲಿ ನಿಲ್ಲಿಸಿದ. ಅದರ ಮೂತಿ, ಎಂದರೆ ಮುಂದಿನ ತುದಿ, ಗಲ್ಲಕ್ಕೆ ಬಂತು. "ಸರಿಯಾಗಿದೆ" ಎಂದ. 144 ಸೆಂಟಿಮೀಟರ್. ಆ ಸಭ್ಯತೆಗೆ ನಾನು ಎರಡು ಚಳಿಗಾಲ ದಂಡ ತೆತ್ತೆ.

ಮೊದಲ ವರ್ಷ ಏನೂ ತಿಳಿಯಲಿಲ್ಲ. ಕಲಿಯುವವರಿಗೆ ಗಿಡ್ಡ ಬೋರ್ಡ್ ಹಿತವೇ. ಬೇಗ ತಿರುಗುತ್ತದೆ, ನಿಧಾನವಾಗಿ ಓಡುತ್ತದೆ, ಬಿದ್ದಾಗ ಎತ್ತಿಕೊಳ್ಳಲು ಹಗುರ. ಕಚೇರಿ ಮುಗಿಸಿ ಸ್ನೊಕ್ವಾಲ್ಮಿ ಘಾಟಿಗೆ ಹೋಗಿ, ದೀಪದ ಬೆಳಕಿನಲ್ಲಿ, ಯಂತ್ರ ಓಡಿಸಿ ನಯಮಾಡಿದ ಸುಲಭದ ಇಳಿಜಾರುಗಳಲ್ಲಿ ನಾನು ಮಹಾರಾಣಿಯಂತೆ ಓಡಾಡಿದೆ. ಎರಡನೆಯ ವರ್ಷ ಸ್ಟೀವನ್ಸ್ ಪಾಸ್ ಎಂಬ ಇನ್ನೊಂದು ಘಾಟಿಗೆ ಹೋದೆ. ಹಿಂದಿನ ರಾತ್ರಿ ಮೊಣಕಾಲುದ್ದ ಹಿಮ ಬಿದ್ದಿತ್ತು.

ನಾನು ತೀರ್ಥಹಳ್ಳಿಯವಳು. ಅರಬ್ಬಿ ಸಮುದ್ರದ ಮೋಡ ಆಗುಂಬೆಯ ಗೋಡೆಗೆ ಬಡಿದು ಸುರಿಯುವುದನ್ನು ನೋಡುತ್ತ ಬೆಳೆದವಳು. ಇಲ್ಲೂ ಅದೇ ಕಥೆ: ಪೆಸಿಫಿಕ್ ಸಾಗರದ ಮೋಡ ಕ್ಯಾಸ್ಕೇಡ್ ಬೆಟ್ಟಸಾಲಿಗೆ ಬಡಿಯುತ್ತದೆ, ಮಳೆಯ ಬದಲು ಹಿಮ ಬೀಳುತ್ತದೆ. ಉತ್ತರಕ್ಕಿರುವ ಮೌಂಟ್ ಬೇಕರ್ ಸ್ಕೀ ತಾಣದಲ್ಲಿ 1998-99ರ ಒಂದೇ ಋತುವಿನಲ್ಲಿ 1,140 ಅಂಗುಲ, ಎಂದರೆ ಸುಮಾರು 29 ಮೀಟರ್ ಹಿಮ ಬಿದ್ದದ್ದು ದಾಖಲೆ. ಆದರೆ ಸ್ಟೀವನ್ಸ್ ಪಾಸ್‌ನ ಎತ್ತರ 1,238 ಮೀಟರ್ ಅಷ್ಟೇ. ಚಳಿ ಬಹಳ ದಿನ ಸೊನ್ನೆಯ ಆಸುಪಾಸಿನಲ್ಲೇ ತೂಗಾಡುವುದರಿಂದ ಹಿಮಕ್ಕೆ ನೀರಿನ ಭಾರ. ಇಲ್ಲಿನವರು ಅದನ್ನು 'ಕ್ಯಾಸ್ಕೇಡ್ ಕಾಂಕ್ರೀಟ್' ಎಂದೇ ಕರೆಯುತ್ತಾರೆ. ಅಂಥ ಹಿಮದಲ್ಲಿ ನನ್ನ 144ರ ಮೂತಿ ನಾಟಿ ಗದ್ದೆಯಲ್ಲಿ ಕಾಲು ಹೂತಂತೆ ಹೂತುಹೋಗುತ್ತಿತ್ತು. ಮೂತಿ ಮೇಲೇಳಲೆಂದು ಹಿಂದಕ್ಕೆ ವಾಲಿ ವಾಲಿ ಹಿಂಗಾಲಿನ ತೊಡೆ ಉರಿಯತೊಡಗಿತು. ಬೆಟ್ಟ ಹತ್ತಿಸುವ ಹಾಗ್ಸ್‌ಬ್ಯಾಕ್ ಎಂಬ ತೂಗುಕುರ್ಚಿ ಲಿಫ್ಟ್‌ನ ಕೆಳಗೇ ಮೂರು ಸಲ ತಲೆಕೆಳಗಾಗಿ ಬಿದ್ದೆ, ಮೇಲೆ ಕುಳಿತು ಹೋಗುತ್ತಿದ್ದವರೆಲ್ಲ ನೋಡುವಂತೆ. ತಪ್ಪು ನನ್ನ ಕಾಲಿನದು ಎಂದುಕೊಂಡೆ. ತರಬೇತಿಗೆ ಹಣ ಕಟ್ಟಿದೆ. ಮೂತಿ ಹೂಳುವುದು ನಿಲ್ಲಲಿಲ್ಲ.

ಎರಡನೆಯ ಅಂಗಡಿ ಚಿಕ್ಕದು, ಮೇಣ ಕರಗಿದ ವಾಸನೆಯದು. ಕೌಂಟರಿನಲ್ಲಿದ್ದ ನರೆಗೂದಲಿನ ಹೆಂಗಸು ನನ್ನ ಮುಖಕ್ಕಿಂತ ಮೊದಲು ಬೂಟು ನೋಡಿದಳು. ಆಮೇಲೆ ಕೇಳಿದ ಮೊದಲ ಪ್ರಶ್ನೆಯೇ "ನಿಮ್ಮ ತೂಕ ಎಷ್ಟು?" ನಾನು ತಡವರಿಸಿದೆ. "ಹಿಮಕ್ಕೆ ನಿಮ್ಮ ಎತ್ತರ ತಿಳಿಯುವುದಿಲ್ಲ, ಭಾರ ತಿಳಿಯುತ್ತದೆ. ಜಾಕೆಟ್, ಬೂಟು, ಬೆನ್ನಚೀಲ ಸೇರಿಸಿ ಹೇಳಿ" ಎಂದಳು. ಸೇರಿಸಿದರೆ 80 ಮುಟ್ಟಿತು. ನಂತರ ಬೂಟಿನ ಅಳತೆ, ಯಾವ ಬೆಟ್ಟಕ್ಕೆ ಹೋಗುತ್ತೀರಿ, ಇಳಿಯುವಾಗ ಏನು ಮಾಡಲು ಇಷ್ಟ ಎಂಬ ಪ್ರಶ್ನೆಗಳು. ನೆಗೆದು ಕಂಬಿಯ ಮೇಲೆ ಜಾರುವ ಆಸೆ ಈ ವಯಸ್ಸಿನಲ್ಲಿ ಇಲ್ಲ, ಉದ್ದ ತಿರುವುಗಳಲ್ಲಿ ವೇಗವಾಗಿ ಇಳಿಯಬೇಕು, ಹೊಸ ಹಿಮದಲ್ಲಿ ಮುಳುಗಬಾರದು ಎಂದೆ. ಅವಳು ತಂದು ನಿಲ್ಲಿಸಿದ ಬೋರ್ಡ್ ಗಲ್ಲ ದಾಟಿ, ಮೂಗು ದಾಟಿ, ನನ್ನ ಹುಬ್ಬು ಮುಟ್ಟಿತು.

ಅದು ಗ್ನೂ ಕಂಪನಿಯ 'ಲೇಡೀಸ್ ಚಾಯ್ಸ್', 153.5 ಸೆಂಟಿಮೀಟರ್. ಹೆಸರು ಕೇಳಿದರೆ ಶಿವಮೊಗ್ಗದ ಗಾಂಧಿ ಬಜಾರಿನ ಬಳೆ ಅಂಗಡಿ ನೆನಪಾಗುತ್ತದೆ. ಕೆಲಸದಲ್ಲಿ ಮಾತ್ರ ಬಹಳ ಗಟ್ಟಿ. ನಮ್ಮ ವಾಷಿಂಗ್ಟನ್ ರಾಜ್ಯದ್ದೇ ಕಂಪನಿ, ಕಾರ್ಖಾನೆ ಕಾರ್ಲ್ಸ್‌ಬೋರ್ಗ್‌ನಲ್ಲಿದೆ. ಇದರ ಅಂಚು ನೇರ ಗೆರೆಯಲ್ಲ. ಭತ್ತ ಕೊಯ್ಯುವ ಕುಡುಗೋಲಿನ ಹಲ್ಲನ್ನು ಸವೆಸಿ ಅಗಲವಾದ ಅಲೆಗಳಾಗಿ ಮಾಡಿದಂತಿದೆ. ಮಳೆ ಬಿದ್ದು ರಾತ್ರಿ ಹೆಪ್ಪುಗಟ್ಟಿದ ಮುಂಜಾನೆಗಳು ಇಲ್ಲಿ ಬೇಕಾದಷ್ಟು. ಆಗ ಈ ಅಲೆಗಳು ಕಚ್ಚಿಕೊಳ್ಳುವುದು ಪಾದಕ್ಕೇ ತಿಳಿಯುತ್ತದೆ. ಹಿಮ್ಮಡಿ ಕಡೆಯ ಅಂಚಿನ ಬಾಗು ಬೆರಳು ಕಡೆಯದಕ್ಕಿಂತ ಆಳ, ಏಕೆಂದರೆ ಹಿಮ್ಮಡಿಯಿಂದ ಒತ್ತಿ ತಿರುಗಿಸುವುದು ದೇಹಕ್ಕೆ ಕಷ್ಟ. ನನ್ನ ಹಿಮ್ಮಡಿ ತಿರುವು ಮೊದಲಿನಿಂದಲೂ ಸೊಟ್ಟಗಿತ್ತು. ಮೊದಲ ದಿನವೇ ಅರ್ಧ ನೆಟ್ಟಗಾಯಿತು.

ಉದ್ದದ ಮಾತಿಗೆ ಬರೋಣ. ಅಂಗಡಿಯಾಕೆ ವಿವರಿಸಿದ ಮೇಲೆಯೇ ನನಗೆ ಅರ್ಥವಾದದ್ದು: ಬೋರ್ಡಿನ ಮೇಲೆ ಅಚ್ಚಾದ ಅಂಕಿ ತುದಿಯಿಂದ ತುದಿಗೆ ಅಳೆದದ್ದು, ಮೂತಿ ಬಾಲಗಳ ಬಾಗೂ ಅದರಲ್ಲಿ ಸೇರಿದೆ. ತಿರುವಿನಲ್ಲಿ ನಿಮ್ಮನ್ನು ಹಿಡಿಯುವುದು ಹಿಮವನ್ನು ಕಚ್ಚುವ ಅಂಚಿನ ಭಾಗ ಮಾತ್ರ. ಅದು ಎಷ್ಟೆಂಬುದು ಬೋರ್ಡಿನ ಬಾಗನ್ನು ಅವಲಂಬಿಸಿದೆ. ಕ್ಯಾಂಬರ್ ಎಂದರೆ ಬೋರಲು ಹಾಕಿದ ಬಿಲ್ಲು. ಭಾರ ಬಿದ್ದಾಗ ಒತ್ತಿಕೊಂಡು ಅಂಚಿಡೀ ಹಿಮಕ್ಕೆ ತಾಗುತ್ತದೆ. ರಾಕರ್ ಎಂದರೆ ತೂಗುಕುರ್ಚಿಯ ಕಾಲು. ನಡುವೆ ಮಾತ್ರ ತಾಗುತ್ತದೆ, ಹಾಗಾಗಿ ಅಳತೆಗಿಂತ ಗಿಡ್ಡವಾಗಿ ವರ್ತಿಸುತ್ತದೆ. ನನ್ನದು ಎರಡರ ಬೆರಕೆ: ಪಾದಗಳ ನಡುವೆ ರಾಕರ್, ಆಚೀಚೆ ಕ್ಯಾಂಬರ್. 153.5 ಎಂದು ಬೆದರಿದ್ದ ನನಗೆ ಅದು ಕಾಲಿನ ಕೆಳಗೆ ಅಷ್ಟು ಉದ್ದವೆನ್ನಿಸಲಿಲ್ಲ. ಪೂರ್ತಿ ಕ್ಯಾಂಬರ್ ಇದ್ದಿದ್ದರೆ ಎರಡು ಸೆಂಟಿಮೀಟರ್ ಕಡಿಮೆಯದನ್ನೇ ಕೊಡುತ್ತಿದ್ದೆ ಎಂದಳು.

ಎರಡು ಚಳಿಗಾಲ ಓಡಿಸಿದ್ದೇನೆ. ಕಾಂಕ್ರೀಟ್ ಹಿಮದಲ್ಲಿ ಮೂತಿ ತೇಲುತ್ತದೆ. ಕೊನೆಯ ಸಪಾಟು ದಾರಿಯಲ್ಲಿ ಒಂದು ಕಾಲು ಬಿಚ್ಚಿ ತಳ್ಳಿಕೊಂಡು ಹೋಗುವ ಅವಮಾನ ತಪ್ಪಿದೆ; ಗಿಡ್ಡ ಬೋರ್ಡ್ ಅಲ್ಲಿ ಸುಸ್ತಾಗಿ ನಿಂತುಬಿಡುತ್ತಿತ್ತು. ವೇಗದಲ್ಲಿ ನಡುಕವಿಲ್ಲ. ಆದರೆ ಒತ್ತಾದ ಮರಗಳ ನಡುವೆ, ದಿಬ್ಬ ದಿಬ್ಬವಾದ ಇಳಿಜಾರಿನಲ್ಲಿ, ಇಷ್ಟುದ್ದವನ್ನು ತಿರುಗಿಸಲು ಮೊದಲೇ ಯೋಚಿಸಬೇಕು. ಅಲ್ಲಿ 149 ಇದ್ದಿದ್ದರೆ ಎಂದು ಅನ್ನಿಸಿದೆ. ಇಡೀ ದಿನ ಮರಗಳ ನಡುವೆಯೇ ಇರುವವರು, ನೆಗೆಯಲೆಂದೇ ದಿಬ್ಬ, ಕಂಬಿ ಇಟ್ಟಿರುವ ಪಾರ್ಕ್‌ನಲ್ಲಿ ನೆಗೆಯುವವರು ನನ್ನ ಲೆಕ್ಕವನ್ನು ಹಾಗೆಯೇ ಎತ್ತಿಕೊಳ್ಳಬಾರದು. ತಮ್ಮ ತೂಕಕ್ಕೆ ಹೇಳಿದ ಅಳತೆಯಿಂದ ಮೂರ್ನಾಲ್ಕು ಸೆಂಟಿಮೀಟರ್ ಇಳಿಸಿಕೊಳ್ಳಲಿ.

ಇನ್ನು ನಮ್ಮವರ ಕಥೆ. ಅವರದು ಅಮೆರಿಕದ ಅಳತೆಯ ಹನ್ನೊಂದರ ಬೂಟು. ಉದ್ದ ಸರಿಯಾಗಿಯೇ ಆರಿಸಿದರು, 159. ಅಗಲ ನೋಡಲಿಲ್ಲ. ಬೋರ್ಡಿನ ಸೊಂಟ, ಎಂದರೆ ನಡುವಿನ ಅಗಲ, 25 ಸೆಂಟಿಮೀಟರ್ ಚಿಲ್ಲರೆ; ಬೂಟಿನ ತಳ 30ಕ್ಕೂ ಹೆಚ್ಚು. ಜೋರಾಗಿ ವಾಲಿದ ಕೂಡಲೇ ಬೂಟಿನ ತುದಿ ಹಿಮಕ್ಕೆ ತಾಗಿ, ಅಂಚು ಹಿಡಿತ ಬಿಟ್ಟು, ಮುಖ ನೆಲಕ್ಕೆ. ಈಗ ಅದೇ ಉದ್ದದ ಅಗಲ ಬೋರ್ಡ್ ಕೊಂಡಿದ್ದಾರೆ. ನನ್ನ ಬೂಟು ಚಿಕ್ಕದು, ಪಾದದ ಅಳತೆಯಲ್ಲಿ 25.5 ಸೆಂಟಿಮೀಟರ್; ಆ ತಾಪತ್ರಯವಿಲ್ಲ.

ಮಗನ ವಿಷಯದಲ್ಲಿ ತಪ್ಪು ಪೂರ್ತಿ ನನ್ನದು. ಅವನಿಗೆ ಹತ್ತು ವರ್ಷವಿದ್ದಾಗ, ಶಾಲೆಯ ಸಮವಸ್ತ್ರವನ್ನು ಎರಡು ಬೆರಳು ದೊಡ್ಡದಾಗಿ ಹೊಲಿಸುತ್ತಿದ್ದ ನಮ್ಮಮ್ಮನ ಬುದ್ಧಿಯೇ ನನಗೂ ಬಂದು, ಮುಂದಿನ ವರ್ಷಕ್ಕೂ ಆಗಲಿ ಎಂದು 140ರ ಬೋರ್ಡನ್ನು ಅಗ್ಗಕ್ಕೆ ತಂದೆ. ಮೂವತ್ತೆರಡು ಕಿಲೋದ ಹುಡುಗನಿಗೆ ಅದು ಬಾಗಲೇ ಇಲ್ಲ. ಬಟ್ಟೆಯ ಅಂಚನ್ನು ಮಡಚಿ ಹೊಲಿಯಬಹುದು, ಬೋರ್ಡನ್ನು ಮಡಚುವುದು ಹೇಗೆ? "ಅಮ್ಮ, ಇದು ನನ್ನ ಮಾತು ಕೇಳುವುದಿಲ್ಲ" ಎಂದು ಹಿಮದಲ್ಲೇ ಕುಳಿತುಬಿಟ್ಟ. ಮಕ್ಕಳ ಬೋರ್ಡನ್ನು ಇಡೀ ಋತುವಿಗೆ ಬಾಡಿಗೆ ಕೊಡುವ ಅಂಗಡಿಗಳು ಸಿಯಾಟಲ್‌ನಲ್ಲಿ ಇವೆ ಎಂಬುದು ಆಮೇಲೆ ತಿಳಿಯಿತು. ಮೂರು ವರ್ಷ ಹಾಗೆಯೇ ನಡೆಸಿದೆವು.

ಈಗ ಅವನಿಗೆ ಹದಿನಾಲ್ಕು, ತೂಕ ಐವತ್ತು ಕಿಲೋ, ದಿನವಿಡೀ ಪಾರ್ಕ್‌ನಲ್ಲಿ ನೆಗೆತ. ಕಳೆದ ಡಿಸೆಂಬರಿನಲ್ಲಿ ಗ್ಯಾರೇಜಿನ ಮೂಲೆಯಿಂದ ನನ್ನ 144 ಅನ್ನು ಎಳೆದು ತಂದ. ಅದರ ಮೇಲಿನ ಗುಲಾಬಿ ಹೂಗಳನ್ನು ಸ್ಟಿಕರ್ ಹಚ್ಚಿ ಮುಚ್ಚಿದ್ದಾನೆ. ನನ್ನನ್ನು ಎರಡು ವರ್ಷ ಹೂತ ಆ ಬೋರ್ಡ್ ಅವನ ಕಾಲಿನ ಕೆಳಗೆ ಹಾರುವುದನ್ನು ನಾನು ಲಿಫ್ಟ್‌ನ ಮೇಲೆ ಕುಳಿತು ನೋಡುತ್ತೇನೆ.